ಹೊಸ ಲೆನ್ಸ್ ಕೊಳ್ಳುವ ಮೊದಲು ಹಳೆಯ ಫೋಟೊ ನೋಡಿ

ಕ್ಯಾಮೆರಾ ಕೊಂಡ ಹೊಸದರಲ್ಲಿ ಹಲವರಿಗೆ ಉದ್ದನೆಯ ಲೆನ್ಸ್ ಮೇಲೆಯೇ ಕಣ್ಣು. ರಂಗನತಿಟ್ಟು ಪಕ್ಷಿಧಾಮದ ದೋಣಿಯಲ್ಲಿ ಪಕ್ಕದವರ ಕೈಯಲ್ಲಿ 600 ಮಿ.ಮೀ. ಲೆನ್ಸ್ ಕಂಡರೆ ನಮ್ಮ 18–55 ಕಿಟ್ ಲೆನ್ಸ್ ಆಟಿಕೆಯಂತೆ ತೋರುತ್ತದೆ. ಸಾಲ ಮಾಡಿಯಾದರೂ ಒಂದು ಉದ್ದನೆಯದು ಮನೆಗೆ ಬರುತ್ತದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಮನಸ್ಸು ಹಕ್ಕಿ ಬಿಟ್ಟು ಜಾತ್ರೆ, ಸಂತೆ, ಮನುಷ್ಯರ ಮುಖಗಳತ್ತ ಹೊರಳಿರುತ್ತದೆ. ಲೆನ್ಸ್ ಬೀರುವಿನಲ್ಲಿ ಬೂಸ್ಟು ಹಿಡಿಯುತ್ತಿರುತ್ತದೆ.

ಲೆನ್ಸಿನ ಈ ಮಿ.ಮೀ. ಸಂಖ್ಯೆ, ಅಂದರೆ ಫೋಕಲ್ ಲೆಂತ್, ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ಹಿಡಿಯುತ್ತದೆ, 50 ಮಿ.ಮೀ. 47 ಡಿಗ್ರಿ, 200 ಮಿ.ಮೀ. ಬರೀ 12 ಡಿಗ್ರಿ. ಸೆನ್ಸರ್ ಚಿಕ್ಕದಾದರೆ ನೋಟ ಇನ್ನಷ್ಟು ಕಿರಿದು. ನಿಕಾನ್, ಸೋನಿಯ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಲೆನ್ಸ್ ಸಂಖ್ಯೆಯನ್ನು 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿಕೊಳ್ಳಬೇಕು. ಅಗ್ಗವೆಂದು ತಂದ 50 ಮಿ.ಮೀ. ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಇವುಗಳಲ್ಲಿ 75–80ರಂತೆ ವರ್ತಿಸುವುದರಿಂದಲೇ ನಾಮಕರಣದ ಮನೆಯಲ್ಲಿ ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿಯಬೇಕಾಗುತ್ತದೆ. ಇಂಥ ಕ್ಯಾಮೆರಾ ಇದ್ದವರು ಮೊದಲ ಪ್ರೈಮ್ ಆಗಿ 35 ಕೊಳ್ಳುವುದು ಮೇಲು.

ಆದರೆ ಶೈಲಿಯನ್ನು ನಿರ್ಧರಿಸುವುದು ಡಿಗ್ರಿಗಿಂತ ಹೆಚ್ಚಾಗಿ ದೂರ. ಫುಲ್ ಫ್ರೇಮ್ ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಒಬ್ಬರ ತಲೆ, ಭುಜ ಚೌಕಟ್ಟು ತುಂಬುವಂತೆ ತೆಗೆಯಲು 28 ಮಿ.ಮೀ.ನಲ್ಲಿ ಅರ್ಧ ಮೀಟರ್ ಹತ್ತಿರ ಹೋಗಬೇಕು; 85ರಲ್ಲಿ ಸುಮಾರು ಒಂದೂವರೆ ಮೀಟರ್ ಸಾಕು. ಅರ್ಧ ಮೀಟರ್‌ನಿಂದ ಮೂಗು ದಪ್ಪ, ಕಿವಿ ಸಣ್ಣ. ಲೆನ್ಸ್ ಮುಖ ಕೆಡಿಸಿತು ಎನ್ನುತ್ತೇವೆ. ಕೆಡಿಸಿದ್ದು ನಾವು ನಿಂತ ಜಾಗ. ಹಾಗಾಗಿ ಕೇಳಿಕೊಳ್ಳಬೇಕಾದದ್ದು, ನನಗೆ ಜನರಿಂದ ಎಷ್ಟು ದೂರ ನಿಲ್ಲುವುದು ಇಷ್ಟ? ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಜತೆ ಮಾತಾಡುತ್ತಲೇ ಫೋಟೊ ತೆಗೆಯುವವರಿಗೆ 28 ಅಥವಾ 35 ಒಗ್ಗುತ್ತದೆ. ಸಂಕೋಚದವರಿಗೆ 85. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸೋನ್ ತಮ್ಮ ಲೈಕಾ ಕ್ಯಾಮೆರಾದಲ್ಲಿ ಬಹುಪಾಲು 50 ಮಿ.ಮೀ. ಒಂದನ್ನೇ ನೆಚ್ಚಿಕೊಂಡಿದ್ದರು.

ಹಕ್ಕಿಗಳ ವಿಷಯದಲ್ಲಿ ಇಂಥ ಆಯ್ಕೆ ಇಲ್ಲ. ಹತ್ತು ಮೀಟರ್ ದೂರದ 15 ಸೆಂ.ಮೀ. ಗುಬ್ಬಿ, 400 ಮಿ.ಮೀ. ಲೆನ್ಸ್ ಹಾಕಿದರೂ ಸೆನ್ಸರ್ ಮೇಲೆ 6 ಮಿ.ಮೀ. ಮಾತ್ರ ಮೂಡುತ್ತದೆ.

ನಿಮ್ಮ ಒಲವು ಎತ್ತ ಸಾಗಿದೆ ಎಂಬುದಕ್ಕೆ ಪುರಾವೆ ಹಾರ್ಡ್ ಡಿಸ್ಕ್‌ನಲ್ಲೇ ಇದೆ. ಡಿಜಿಟಲ್ ಕ್ಯಾಮೆರಾದ ಫೈಲ್‌ಗಳಲ್ಲಿ ಫೋಕಲ್ ಲೆಂತ್ ದಾಖಲಾಗಿರುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಂಥ ತಂತ್ರಾಂಶದಲ್ಲಿ ಅದರ ಪ್ರಕಾರ ಬೇರ್ಪಡಿಸಬಹುದು. ಎಲ್ಲವನ್ನೂ ಎಣಿಸಬೇಡಿ, ಕಳೆದ ಒಂದು ವರ್ಷದಲ್ಲಿ ನಿಮಗೆ ನಿಜಕ್ಕೂ ಹಿಡಿಸಿದವನ್ನಷ್ಟೇ ಆರಿಸಿ. ಹೆಚ್ಚಿನವು 18ರಲ್ಲೇ ಇದ್ದರೆ ಅಗಲದ ಲೆನ್ಸ್ ಬೇಕಿರಬಹುದು. 55ರಲ್ಲಿದ್ದು, ಮೇಲಾಗಿ ಕತ್ತರಿಸಿಯೂ ಇದ್ದರೆ ಉದ್ದನೆಯದು. ಜೂಮ್‌ನ ತುದಿಗೆ ತಿರುಗಿಸಿಬಿಡುವುದು ಬರೀ ಕೈಯ ಅಭ್ಯಾಸವೂ ಆಗಿರಬಹುದು ಅನ್ನಿ. ಅದನ್ನು ಪರೀಕ್ಷಿಸಲು ಜೂಮ್ ಉಂಗುರವನ್ನು 35ಕ್ಕೆ ಇಟ್ಟು ಟೇಪ್ ಅಂಟಿಸಿ, ಕೆಲವು ವಾರ ಹಾಗೆಯೇ ತಿರುಗಾಡಿ.

ಆಮೇಲೂ ಬೇಕೆನಿಸಿದ ಲೆನ್ಸನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಭಾನುವಾರ ಸಂಜೆ ಹಿಂದಿರುಗಿಸಲು ಮನಸ್ಸಾಗದಿದ್ದರೆ ಕೊಳ್ಳಿ.