ಟೈಮು ಸರಿ ಹೇಳುತ್ತೆ, ಹೆಸರು ಸುಳ್ಳು ಹೇಳುತ್ತೆ!

ಸಂಜೆ ಆರೂಕಾಲು. ತುಮಕೂರು ಬಸ್ ಸ್ಟ್ಯಾಂಡು. ಗುಬ್ಬಿ ಬಸ್ಸಿಗೆ ಕಾದು ನಿಂತವರ ಮಧ್ಯೆ ಒಬ್ಬ ಹುಡುಗ ಕೈ ಎತ್ತಿ ಎತ್ತಿ ಟೈಮ್ ನೋಡುತ್ತಿದ್ದ. ತಾನು ನೋಡುವುದಕ್ಕಿಂತ ನಮಗೆ ತೋರಿಸುವುದೇ ಹೆಚ್ಚು! ಚಿನ್ನದ ಬಣ್ಣ, ಕಿರೀಟದ ಗುರುತು, 'ರೋಲೆಕ್ಸ್' ಎಂಬ ಹೆಸರು. "ಎಷ್ಟಪ್ಪಾ ಕೊಟ್ಟೆ?" ಅಂದೆ. "ಒಂಬೈನೂರು ಸಾರ್, ಫಸ್ಟ್ ಕಾಪಿ" ಅಂದ. ಮುಚ್ಚುಮರೆ ಇಲ್ಲ. ಗೊತ್ತಿದ್ದೇ ಕೊಂಡಿದ್ದಾನೆ, ಗೊತ್ತಿದ್ದೇ ಕಟ್ಟಿದ್ದಾನೆ. ಅವನ ದುಡ್ಡು, ಅವನ ಕೈ. ಅವನನ್ನು ಅಲ್ಲಿಗೇ ಬಿಡೋಣ.

ಇವತ್ತಿನ ಸುದ್ದಿ ಗೊತ್ತಿಲ್ಲದೆ ಕೊಂಡವರದ್ದು.

ಅದೇ ಗುಬ್ಬಿ ಬಸ್ಸಿನಲ್ಲಿ ದಿನಾ ಓಡಾಡುವ ಅಂಗಡಿಯವರೊಬ್ಬರು ಕಳೆದ ವಾರ ನನ್ನ ಪಕ್ಕ ಕೂತರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ತಂದೆ ನಮ್ಮೂರ ಎಚ್.ಎಂ.ಟಿ. ವಾಚ್ ಕಾರ್ಖಾನೆಯಲ್ಲಿ ದುಡಿದವರು. ಮನೆಯಲ್ಲಿ ತಂದೆಯದ್ದೊಂದು ಹಳೇ 'ಜನತಾ' ವಾಚು. ಡಯಲ್ಲಿನ ಮೇಲೆ ಹಿಂದಿ ಅಂಕಿ, ಗಾಜು ಹಳದಿ, ನಿಂತು ಎರಡು ವರ್ಷವಾಗಿತ್ತಂತೆ. ಹಳೇ ವಾಚು ಕೊಳ್ಳುವವನೊಬ್ಬ ಅಂಗಡಿಗೇ ಬಂದ. "ಅಣ್ಣಾ, ಇದಕ್ಕೆ ಇನ್ನು ಸ್ಪೇರ್ ಸಿಗಲ್ಲ. ನನಗೆ ಕೊಡಿ, ಐನೂರು ರೂಪಾಯಿ ಕೊಡ್ತೀನಿ, ಮೇಲೆ ಈ ಪೈಲಟ್ ವಾಚು ತಗೊಳ್ಳಿ. ಫ್ಯಾಕ್ಟರಿ ಹಳೇ ಸ್ಟಾಕು, ಕಟ್ಟೇ ಇಲ್ಲ" ಅಂದ. ಪಳಪಳ ಹೊಳೆಯುತ್ತಿತ್ತು. ಇವರು ಕೊಟ್ಟರು, ತಗೊಂಡರು.

ಮೂರನೇ ದಿನಕ್ಕೆ ಅದು ಬಸ್ಸು ತಪ್ಪಿಸಿತು!

ಇಬ್ಬರೂ ಸೇರಿ ಪೇಟೆಯ ಒಬ್ಬ ಹಿರಿಯ ರಿಪೇರಿಯವರ ಹತ್ತಿರ ಹೋದೆವು. ಅಜ್ಜ ವಾಚನ್ನು ಮೊದಲು ಕಿವಿಗೆ ಹಿಡಿದರು. "ಇದು ನಡೀತಿಲ್ಲ ಕಣಪ್ಪ, ಕುಂಟ್ತಾ ಇದೆ" ಅಂದರು. ಆಮೇಲೆ ಟೈಮಿಂಗ್ ಮಿಷಿನ್ನಿನ ಮೇಲೆ ಇಟ್ಟರು. ಈ ಮಿಷಿನ್ನು ಡಾಕ್ಟರ ಸ್ಟೆತಾಸ್ಕೋಪು ಇದ್ದ ಹಾಗೆ. ಟಿಕ್ ಟಿಕ್ ಶಬ್ದ ಕೇಳಿ ದಿನಕ್ಕೆ ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಎಂದು ಬರೆದು ತೋರಿಸುತ್ತದೆ. ದಿನಕ್ಕೆ ನಾಲ್ಕು ನಿಮಿಷ ಹಿಂದೆ! ಒಳಗಿನ ಬ್ಯಾಲೆನ್ಸ್ ಚಕ್ರ ಒಂದು ಕಡೆಗೆ 250 ಡಿಗ್ರಿಯ ಮೇಲೆ ತಿರುಗಬೇಕಾದ್ದು 160ಕ್ಕೇ ಸುಸ್ತಾಗಿ ವಾಪಸ್ಸು ಬರುತ್ತಿತ್ತು. ಹಿಂಬದಿ ಮುಚ್ಚಳ ಬಿಚ್ಚಿದರೆ ಒಳಗೆ ತುಕ್ಕು ಹಿಡಿದ ಸ್ಕ್ರೂ, ಒಣಗಿ ಅಂಟಾದ ಎಣ್ಣೆ, ಯಾವುದೋ ಎರಡು ಮೂರು ವಾಚಿನ ಬಿಡಿಭಾಗ. ಮೇಲೆ ಮದುಮಗ, ಒಳಗೆ ಮುದುಕ!

ಹೇಗೆ ಹುಟ್ಟುತ್ತೆ ಈ 'ಹೊಸ ಹಳೇ' ವಾಚು?

ಎಚ್.ಎಂ.ಟಿ. ವಾಚು ನಮ್ಮ ರಾಜ್ಯದ ಕೂಸು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ನಮ್ಮ ತುಮಕೂರಿನ ಕಾರ್ಖಾನೆ 1978ರದ್ದು. ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ, ರಿಟೈರಾದ ಮೇಷ್ಟ್ರಿಗೆ, ಎಲ್ಲರಿಗೂ ಎಚ್.ಎಂ.ಟಿ.! ಆಟೋಮ್ಯಾಟಿಕ್ 'ಕಾಂಚನ್' ಬೇಕೇ ಬೇಕೆಂದು ಹಟ ಹಿಡಿದ ಅಳಿಯಂದಿರು ಎಷ್ಟೋ ಜನ. ಆಮೇಲೆ ಸೆಲ್ಲಿನ ವಾಚು ಬಂತು, ಟೈಟಾನ್ ಬಂತು, ಮೊಬೈಲ್ ಬಂತು. 2016ರಲ್ಲಿ ಬಾಗಿಲು ಮುಚ್ಚುವ ತೀರ್ಮಾನವಾಯಿತು. ಇಲ್ಲಿನ ಜಾಗ ಇಸ್ರೋ ಪಾಲಾಯಿತು.

ತಮಾಷೆ ನೋಡಿ. ಕಾರ್ಖಾನೆ ಇದ್ದಾಗ ಕೇಳುವವರಿರಲಿಲ್ಲ, ಮುಚ್ಚಿದ ಮೇಲೆ ಹುಡುಕುವವರು ಹುಟ್ಟಿಕೊಂಡರು. ಕೇಳುವವರು ಹೆಚ್ಚಿದರೆ ಮಾಡುವವರೂ ಹೆಚ್ಚುತ್ತಾರಲ್ಲ! ಗುಜರಿಯಿಂದ ಹಳೇ ಮಿಷಿನ್ನು ತರುವುದು, ಡಯಲ್ಲಿನ ಬಣ್ಣ ಕೆರೆದು ಹೊಸದಾಗಿ ಅಚ್ಚು ಹೊಡೆಯುವುದು, ಅಗ್ಗದ ಕೇಸಿನಲ್ಲಿ ಕೂರಿಸುವುದು. ವಾಚು ಕೂಡಿಡುವವರು ಇಂಥದ್ದಕ್ಕೆ 'ಮುಂಬೈ ಸ್ಪೆಷಲ್' ಎಂದೇ ಹೆಸರಿಟ್ಟಿದ್ದಾರೆ. ಎಚ್.ಎಂ.ಟಿ. ಒಂದೇ ಅಲ್ಲ, ನಮ್ಮ ತಾತಂದಿರ ಕಾಲದ ಫಾವ್ರ್-ಲ್ಯೂಬಾ, ವೆಸ್ಟ್ ಎಂಡ್ ವಾಚುಗಳಿಗೂ ಇದೇ ಗತಿ.

ಒಂದು ಮಾತು ಹೇಳಿಬಿಡಬೇಕು. ಅಪ್ಪನ ವಾಚಿನ ಡಯಲ್ಲು ಕಪ್ಪಾಗಿದೆ ಎಂದು ಹೊಸ ಬಣ್ಣ ಹೊಡೆಸಿ ಕಟ್ಟಿಕೊಂಡರೆ ಅದು ತಪ್ಪಲ್ಲ. ಅದನ್ನೇ 'ಫ್ಯಾಕ್ಟರಿ ಮಾಲು' ಎಂದು ಮಾರಿದರೆ ಮೋಸ.

ಅಜ್ಜ ಹೇಳಿಕೊಟ್ಟ ಪಾಠ

"ಮೊದಲು ಅಕ್ಷರ ನೋಡು" ಅಂದರು ಅಜ್ಜ, ಭೂತಗನ್ನಡಿ ಕೊಟ್ಟು. ಕಾರ್ಖಾನೆ ಅಚ್ಚು ಚಾಕುವಿನಲ್ಲಿ ಕುಯ್ದ ಹಾಗೆ ಚೊಕ್ಕ. ಈ ಪೈಲಟ್ಟಿನ ಅಕ್ಷರ ಮಳೆಯಲ್ಲಿ ನೆಂದ ವಾಲ್‌ಪೋಸ್ಟರಿನಂತೆ ದಪ್ಪ ದಪ್ಪ, ಅಂಚಿನಲ್ಲಿ ಇಂಗಿಹೋಗಿದೆ. ಹಿಂದಿ ಅಕ್ಷರದ 'ಜನತಾ' ಆದರೆ ಇನ್ನೂ ಸುಲಭ. ತಲೆಗೆರೆ ತುಂಡಾಗಿದ್ದರೆ, ಕೊಂಬು ವಾರೆಯಾಗಿದ್ದರೆ ಕೆಳಗಿಡಿ. ನಿಮಿಷದ ಮುಳ್ಳು ನಿಮಿಷದ ಗೆರೆ ಮುಟ್ಟುವಷ್ಟು ಉದ್ದ ಇರಬೇಕು. ಮೋಟಾಗಿದ್ದರೆ ಅದು ಬೇರೆ ವಾಚಿನ ಮುಳ್ಳು. ನಲವತ್ತು ವರ್ಷದ ವಾಚಿನ ಡಯಲ್ಲು ನಿನ್ನೆ ಬಣ್ಣ ಹೊಡೆದ ಬಾಗಿಲಿನ ಹಾಗೆ ಹೊಳೆದರೆ ಅನುಮಾನ ಪಡಬೇಕೋ ಬೇಡವೋ?

ಆಮೇಲೆ ಒಳಗೆ. ಕೀ ಕೊಡುವ ಎಚ್.ಎಂ.ಟಿ.ಗಳಲ್ಲಿ ಹೆಚ್ಚಾಗಿ ಸಿಗುವುದು 0231 ಎಂಬ ಮಿಷಿನ್ನು, 17 ಜ್ಯುವೆಲ್ಸ್. (ಜ್ಯುವೆಲ್ಸ್ ಎಂದರೆ ಒಡವೆ ಅಂಗಡಿಯ ಹರಳಲ್ಲ. ಚಕ್ರದ ಅಚ್ಚು ಸವೆಯದಿರಲೆಂದು ಕೂರಿಸಿದ ಕೃತಕ ಮಾಣಿಕ್ಯ. ಅದನ್ನು ಕಿತ್ತು ಮಾರುವ ಆಸೆ ಯಾರಿಗೂ ಬೇಡ!) ಅದು ಗಂಟೆಗೆ 18,000 ಸಲ ಮಿಡಿಯುತ್ತದೆ. ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಇಷ್ಟು ಮಿಡಿದು ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಡಿಮೆ ಆದರೆ ಹಳೇ ವಾಚನ್ನು ಬೈಯಬಾರದು ಎಂಬುದು ಅಜ್ಜನ ಲೆಕ್ಕ. ನಾಲ್ಕು ನಿಮಿಷ ಆದರೆ?

"ಹಾಗಾದ್ರೆ ಟೈಮ್ ಸರಿ ತೋರಿಸಿದ್ರೆ ಅಸಲಿ ಅಂತಲಾ?" ಎಂದು ನಾನು ಕೇಳಿದೆ. ಅಜ್ಜ ನಕ್ಕರು. ಡ್ರಾಯರಿನಿಂದ ಒಂದು 'ರೋಲೆಕ್ಸ್' ತೆಗೆದರು. ಯಾರೋ ಗಿರಾಕಿ ಸಾವಿರಾರು ರೂಪಾಯಿ ಕೊಟ್ಟು ತಂದ ಚೀನಾ ಮಾಲು. ಒಂಬೈನೂರರ ಹುಡುಗನದ್ದು ಸೆಲ್ಲಿನ ವಾಚು, ಸೆಕೆಂಡ್ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಎಂದು ಹಾರುತ್ತಿತ್ತು, ದೂರದಿಂದಲೇ ಗೊತ್ತಾಗುತ್ತದೆ. ಇದರ ಮುಳ್ಳು ಅಸಲಿಯ ಹಾಗೇ ಸೆಕೆಂಡಿಗೆ ಎಂಟು ಸಣ್ಣ ಹೆಜ್ಜೆ ಇಟ್ಟು ಜಾರಿಕೊಂಡು ಹೋಗುತ್ತದೆ. ತೂಕ ಇದೆ. ನೀರಿನ ಹನಿ ಹಾಕಿದರೆ ಗಾಜಿನ ಮೇಲೆ ಮುತ್ತಿನಂತೆ ನಿಲ್ಲುತ್ತದೆ. ಮಿಷಿನ್ನಿನ ಮೇಲಿಟ್ಟರೆ ದಿನಕ್ಕೆ ಐದು ಸೆಕೆಂಡು ಮುಂದೆ, ಅಷ್ಟೇ! ಅಸಲಿ ರೋಲೆಕ್ಸ್ ಕಂಪನಿ 2015ರಿಂದ ಹೇಳುವ ಲೆಕ್ಕ ದಿನಕ್ಕೆ ಎರಡು ಸೆಕೆಂಡು ಆಚೀಚೆ. ಮೂರು ಸೆಕೆಂಡಿನ ವ್ಯತ್ಯಾಸ ಯಾವ ಬಸ್ಸನ್ನೂ ತಪ್ಪಿಸುವುದಿಲ್ಲ. "ಮುಳ್ಳು ಜಾರಿದ್ರೆ ಅಸಲಿ ಅಂತ ಜನ ಅಂದ್ಕೊಂಡವ್ರೆ. ಅದು ಹಳೇ ಕಾಲದ ಮಾತು" ಅಂದರು.

ಹಾಗಾದರೆ ಕೊರತೆ ಎಲ್ಲಿ? ತಾರೀಕಿನ ಮೇಲಿನ ಉಬ್ಬುಗಾಜು ಅಸಲಿಯಲ್ಲಿ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡುತ್ತದೆ. ಕಳಪೆ ನಕಲಿಯಲ್ಲಿ ಅಂಕಿ ಸಣ್ಣದು. ಈ ದುಬಾರಿ ನಕಲಿಯಲ್ಲಿ ಅದೂ ಸರಿಯಿತ್ತು! ಆದರೆ ತಾರೀಕು ಕಿಟಕಿಯ ನಡುವೆ ಕೂತಿರಲಿಲ್ಲ, ಕೂದಲೆಳೆಯಷ್ಟು ಎಡಕ್ಕೆ. ಕೀ ತಿರುಗಿಸಿದರೆ ಒಳಗೆ ಮರಳು ಉಜ್ಜಿದ ಹಾಗೆ ಸದ್ದು. 'ನೂರು ಮೀಟರ್ ನೀರು ತಡೆಯುತ್ತೆ' ಎಂದು ಬರೆದದ್ದನ್ನು ನಂಬಿ ಗಿರಾಕಿ ಮಳೆಯಲ್ಲಿ ಬೈಕ್ ಓಡಿಸಿದ್ದರಂತೆ. ಗಾಜಿನೊಳಗೆ ಹಬೆ. ಅದಕ್ಕೇ ಅದು ಅಜ್ಜನ ಡ್ರಾಯರಿನಲ್ಲಿತ್ತು. ಕಂಪನಿಗೆ ಒಯ್ಯುವಂತಿಲ್ಲ, ಸ್ಪೇರು ಸಿಗುವುದಿಲ್ಲ.

ಅಂಗಡಿಯವರು ಇಲ್ಲಿ ಸ್ವಲ್ಪ ಕಿವಿ ಕೊಡಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ನಕಲಿ ಗುರುತಿನ ಮಾಲು ಮಾಡಿದವರಿಗೆ ಮಾತ್ರ ಅಲ್ಲ, ಮಾರಿದವರಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. 'ಫಸ್ಟ್ ಕಾಪಿ' ಎಂದು ಗಿರಾಕಿಗೆ ಹೇಳಿಯೇ ಮಾರಿದೆ ಎಂದರೆ ಗುರುತು ಅಸಲಿಯಾಗುವುದಿಲ್ಲ. ಎಚ್ಚರ ವಹಿಸಿದ್ದೆ, ಅನುಮಾನಕ್ಕೆ ಕಾರಣವಿರಲಿಲ್ಲ, ಇಂಥವನಿಂದ ತಂದೆ ಎಂದು ರುಜುವಾತು ಮಾಡಿದವರಿಗೆ ಕಾಯ್ದೆಯಲ್ಲೇ ರಿಯಾಯಿತಿ ಇದೆ. ಅದಕ್ಕೆ ಬೇಕಾದ್ದು ಖರೀದಿ ಬಿಲ್ಲು. ಬಿಲ್ಲಿಲ್ಲದೆ ಬ್ಯಾಗಿನಲ್ಲಿ ತಂದು ಸುರಿಯುವವನ ಮಾಲು ಇಡುವವರು ಯೋಚಿಸಲಿ. ನಮ್ಮ ಗುಬ್ಬಿ ಮಿತ್ರರ ಹತ್ತಿರವೂ ಬಿಲ್ಲಿಲ್ಲ, ಆ ಮನುಷ್ಯನ ಫೋನ್ ನಂಬರೂ ಇಲ್ಲ.

ಅಜ್ಜನ ಕೊನೆಯ ಮಾತು ಅವರಿಗೆ ಚುಚ್ಚಿತು. "ನಿಮ್ಮಪ್ಪನ ಜನತಾ ಕೆಟ್ಟಿರಲಿಲ್ಲ ಕಣಪ್ಪ. ಎರಡು ವರ್ಷ ಕೀ ಕೊಡದೆ ಎಣ್ಣೆ ಒಣಗಿರ್ತದೆ. ಬಿಚ್ಚಿ ತೊಳೆದು ಎಣ್ಣೆ ಬಿಟ್ಟಿದ್ರೆ ಇನ್ನೂ ಇಪ್ಪತ್ತು ವರ್ಷ ಓಡ್ತಿತ್ತು. ಸ್ಪೇರ್ ಸಿಗಲ್ಲ ಅಂದೋನು ಅದನ್ನೇ ಸ್ಪೇರ್ ಮಾಡಿಕೊಳ್ಳೋಕೆ ಬಂದಿದ್ದು."

ತಂದೆಗೆ ಇನ್ನೂ ಹೇಳಿಲ್ಲವಂತೆ. ರಿಪೇರಿಗೆ ಕೊಟ್ಟಿದ್ದೀನಿ ಎಂದು ದಿನ ತಳ್ಳುತ್ತಿದ್ದಾರೆ. ಮುದುಕರು ದಿನಾ ರಾತ್ರಿ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ: "ಬಂತೇನೋ?"

ಹಿಂದಿ ಅಂಕಿಯ ಜನತಾ, ಹಳದಿ ಗಾಜು. ಹಿಂಬದಿ ಮುಚ್ಚಳದ ಒಳಮೈಯಲ್ಲಿ ಹಳೇ ರಿಪೇರಿಯವರು ಸೂಜಿಯಲ್ಲಿ ಗೀರಿದ 'ಗು' ಎಂಬ ಅಕ್ಷರ, ಕೆಳಗೆ 1987. ಯಾರ ಅಂಗಡಿಗಾದರೂ ಬಂದಿದ್ದರೆ ನಮ್ಮ ಪತ್ರಿಕೆ ಕಚೇರಿಗೆ ತಿಳಿಸಿ. ಕೊಟ್ಟ ದುಡ್ಡಿಗೆ ಮೇಲೆ ಇನ್ನಷ್ಟು ಸೇರಿಸಿ ವಾಪಸ್ಸು ಕೊಳ್ಳಲು ಅವರು ತಯಾರಿದ್ದಾರೆ. ಏನು, ಎತ್ತ ಎಂದು ಯಾರೂ ಕೇಳುವುದಿಲ್ಲ.