ಹೊಂಡದ ನೀರಿಗೂ ಒಂದು ಚಪ್ಪರ

ಮಂಡ್ಯದ ಸೀಮೆ ಎಂದರೆ ಹೊರಗಿನವರಿಗೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ ಇವೇ ನೆನಪಾಗುತ್ತವೆ. ಆದರೆ ಮಳವಳ್ಳಿ, ಮದ್ದೂರು ಕಡೆಯ ದಿಬ್ಬದ ಹೊಲಗಳಿಗೆ ನಾಲೆಯ ನೀರು ಹತ್ತುವುದಿಲ್ಲ. ಅಲ್ಲಿ ರಾಗಿ, ಹುರುಳಿ, ಒಂದಿಷ್ಟು ಹಿಪ್ಪುನೇರಳೆ. ಮಳೆ ನಂಬಿದ ಇಂಥ ಹೊಲಗಳಿಗೆಂದೇ 2014ರಲ್ಲಿ ನಮ್ಮ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಹೊಂಡ ತೋಡಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮಳೆ ನೀರು ಹಿಡಿಯುವ ರೂಢಿ ಬೆಳೆಯಿತು.

ಹಾಳೆ ಹಾಸಿದ್ದರಿಂದ ನೀರು ನೆಲಕ್ಕೆ ಇಂಗುವುದು ನಿಂತಿತು. ಆದರೆ ಮೇಲಿನ ಬಾಗಿಲು ತೆರೆದೇ ಇದೆಯಲ್ಲ! ಬಿಸಿಲು ಕಾಯಿಸುತ್ತದೆ, ಗಾಳಿ ಹೊತ್ತೊಯ್ಯುತ್ತದೆ. ಎಷ್ಟು ಹೋಗುತ್ತದೆ ಎಂಬ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ನೀರು ಒಂದು ಮಿಲಿಮೀಟರ್ ಇಳಿದರೆ ಒಂದು ಲೀಟರ್ ಹೋಯಿತು ಎಂದರ್ಥ. ನಿಮ್ಮ ಹೊಂಡ ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ತಳ 6 ಮೀಟರ್ ಚೌಕ ಎಂದಿಟ್ಟುಕೊಳ್ಳಿ. ತುಂಬಿದಾಗ ಅದರಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ, ತುಂಬಿದ ಹೊಂಡದಿಂದ ದಿನವೊಂದಕ್ಕೆ 860 ಲೀಟರ್, ಅಂದರೆ ನಾಲ್ಕು ಡ್ರಮ್ಮಿಗೂ ಮೇಲೆ! ಇದೇ ಲೆಕ್ಕದಲ್ಲಿ ಮೂರು ತಿಂಗಳಿಗೆ 70 ಸಾವಿರ ಲೀಟರ್. ಕಾಲು ಭಾಗಕ್ಕಿಂತ ಹೆಚ್ಚು ನೀರನ್ನು ಪಂಪು ಹಾಕದೆಯೇ ಸೂರ್ಯ ಎತ್ತಿಕೊಂಡ.

‘ಅದಕ್ಕೇನು ಮಾಡಾನ ಸ್ವಾಮಿ, ನೀರಿಗೂ ಕಂಬ್ಳಿ ಹೊದಿಸಾಕಾಯ್ತದಾ?’ ಎಂದು ನೀವು ನಗಬಹುದು. ಆಗುತ್ತದೆ. ಪಟ್ಟಣದ ಸಿರಿವಂತರು ಮನೆಯಂಗಳದ ಈಜುಕೊಳಕ್ಕೆ ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆ ಹಾಸುತ್ತಾರೆ. ಬಿಸಿಲಿನ ಕಾವು ನೀರಿನಲ್ಲೇ ಉಳಿಯಲಿ, ಆವಿ ಹೋಗದಿರಲಿ ಎಂದು. 2012ರಲ್ಲಿ ಗುಜರಾತಿನಲ್ಲಿ ನರ್ಮದಾ ಕಾಲುವೆಯ ಒಂದು ಕವಲಿನ ಮೇಲೆ ಸೌರ ಫಲಕಗಳನ್ನು ಹೊದಿಸಿ, ವಿದ್ಯುತ್ತನ್ನೂ ಪಡೆದರು, ನೀರಿಗೆ ನೆರಳನ್ನೂ ಕೊಟ್ಟರು. ನಮ್ಮ ಹೊಂಡಕ್ಕೆ ಈಜುಕೊಳದ ಹೊದಿಕೆ ಹೊಂದುವುದಿಲ್ಲ. ಅದು ಮಳೆ ನೀರನ್ನೂ ಒಳಗೆ ಬಿಡದು, ಬಿರುಗಾಳಿಗೆ ಎದ್ದುಹೋದೀತು. ನಮಗೆ ತಕ್ಕದ್ದು ನೆರಳು ಬಲೆಯ ಚಪ್ಪರ. ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತದೆ, ಮಳೆ ಹನಿಯನ್ನು ಬಿಡುತ್ತದೆ, ನೆರಳಿನಿಂದ ಪಾಚಿಯೂ ಕಡಿಮೆ.

ಆದರೆ ಬಲೆ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ನೀರು ಇಳಿಯುತ್ತಿರುವುದು ಬಿಸಿಲಿಗೋ, ಹಾಳೆಯ ತೂತಿಗೋ? ಬಕೆಟ್ಟಿಗೆ ಎರಡು ಕಲ್ಲು ಹಾಕಿ, ಮುಕ್ಕಾಲು ನೀರು ತುಂಬಿ, ಹಗ್ಗದಿಂದ ಬಿಗಿದು, ಹೊಂಡದ ನೀರಿನಲ್ಲೇ ಮುಕ್ಕಾಲು ಮುಳುಗುವಂತೆ ಇಳಿಬಿಡಿ. ಬಕೆಟ್ಟಿನ ಒಳಗೊಂದು ಗುರುತು, ಹೊಂಡದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೊಂದು ಗುರುತು ಮಾಡಿ. ಮಳೆಯಿಲ್ಲದ ಮೂರು ದಿನ ಪಂಪು ಹಾಕಬೇಡಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಆವಿ. ಹೊಂಡವೇ ಹೆಚ್ಚು ಇಳಿದಿದ್ದರೆ ಹಾಳೆ ತೂತಾಗಿದೆ. ಇಲಿ, ಏಡಿ ಕೊರೆದಿರಬಹುದು. ಮೊದಲು ತೇಪೆ, ಆಮೇಲೆ ಚಪ್ಪರ.

ಇನ್ನು ಕಟ್ಟುವ ಕ್ರಮ. ಹಾಳೆಯ ಅಂಚಿನಿಂದ ಹೊರಗೆ, ಏರಿಯ ಮೇಲೆ, ಎರಡು ಮೂರು ಮೀಟರಿಗೊಂದು ಕಲ್ಲು ಕಂಬ ನೆಡಿ. ಕಂಬ ಒಳಕ್ಕೆ ವಾಲದಂತೆ ಹಿಂದಕ್ಕೊಂದು ತಂತಿ ಎಳೆದು, ಹೂತ ಕಲ್ಲಿಗೆ ಕಟ್ಟಿ. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಸತುವಿನ ಲೇಪದ ತಂತಿ ಬಿಗಿದು, ಬಲೆಯ ಪಟ್ಟಿಗಳನ್ನು ನೈಲಾನ್ ದಾರದಿಂದ ಹೊಲಿದು ತಂತಿಗೆ ಕಟ್ಟಿ. ಹೊಂಡ ತುಂಬಿದಾಗಲೂ ಬಲೆ ನೀರಿಗಿಂತ ಎರಡಡಿ ಮೇಲಿರಲಿ. ಪಂಪಿನ ಕಡೆ ಒಂದು ಮೂಲೆಯನ್ನು ಬಿಚ್ಚಿ ಕಟ್ಟುವಂತೆ ಇಟ್ಟುಕೊಳ್ಳಿ. ಮೀನು ಬಿಟ್ಟವರು ಸ್ವಲ್ಪ ಭಾಗ ತೆರೆದಿಡುವುದು ಒಳ್ಳೆಯದು.

ಹಸ್ತ, ಚಿತ್ತೆ ಮಳೆಗೆ ಹೊಂಡ ತುಂಬಿದ ಮೇಲೆ ಬಲೆ ಹಾಸಿ, ಮುಂಗಾರು ಹಿಡಿದ ಮೇಲೆ ಬಿಚ್ಚಿ, ಒಣಗಿಸಿ, ಸುತ್ತಿ, ಇಲಿ ಮುಟ್ಟದ ಕಡೆ ತೂಗುಹಾಕಿದರೆ ಹೆಚ್ಚು ವರ್ಷ ಬಾಳುತ್ತದೆ. ಬಿದ್ದ ಎಲೆಯನ್ನು ವಾರಕ್ಕೊಮ್ಮೆ ದಡದಲ್ಲೇ ನಿಂತು ಗಳುವಿನಿಂದ ಎಳೆದುಹಾಕಿ. ಭಾರ ಕೂತರೆ ತಂತಿ ಜೋಲುತ್ತದೆ. ಅಶ್ವಿನಿ, ಭರಣಿಯ ಗಾಳಿಮಳೆಗೆ ಮುಂಚೆ ಗಂಟುಗಳನ್ನು ನೋಡಿ. ಇನ್ನೊಂದು ಮಾತು: ಪಕ್ಕದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟರೆ ಒಂದೇ ಕಿಡಿಗೆ ಬಲೆಯೂ ಹೋಯಿತು, ಹಾಳೆಯೂ ಹೋಯಿತು. ತರಗನ್ನು ಸುಡದೆ ನೆಲಕ್ಕೇ ಹೊದಿಸಿ. ಅದೂ ನೀರು ಉಳಿಸುವ ಹೊದಿಕೆಯೇ.

ಲಾಭವೆಷ್ಟು? ಬಲೆ ಅರ್ಧದಷ್ಟು ಆವಿ ತಡೆದರೂ ನಮ್ಮ ಲೆಕ್ಕದ ಹೊಂಡದಲ್ಲಿ 35 ಸಾವಿರ ಲೀಟರ್ ಉಳಿಯಿತು. ಏಳು ಗುಂಟೆ ಹಿಪ್ಪುನೇರಳೆಗೆ ಎರಡು ಅಂಗುಲ ನೀರು ಕೊಟ್ಟಂತಾಯಿತು. ಹುಳು ಹಣ್ಣಾಗುವ ಹೊತ್ತಿಗೆ ಸೊಪ್ಪು ಬಾಡಿದರೆ ಏನಾಗುತ್ತದೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಹೇಳುತ್ತಾರೆ. ಆದರೆ ಸಂಕ್ರಾಂತಿಗೆ ಮುಂಚೆಯೇ ಹೊಂಡ ಬರಿದು ಮಾಡುವವರಿಗೆ ಈ ಖರ್ಚು ಬೇಡ. ಬೇಸಿಗೆಗೆ ನೀರು ಕೂಡಿಡುವವರಿಗೆ ಮಾತ್ರ ಚಪ್ಪರ. ಸಹಾಯಧನದ ವಿಚಾರವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕೊನೆಯ ಮಾತು, ಎಲ್ಲಕ್ಕಿಂತ ದೊಡ್ಡದು. ಈ ಬಲೆ ನೆಲವಲ್ಲ. ಚಪ್ಪರ ಕಂಡ ಮಗು ಅದರ ಮೇಲೆ ಓಡಬಹುದು, ಮೇಕೆಮರಿ ಹಾರಬಹುದು. ಬಲೆ ಅವರ ಭಾರ ತಡೆಯದು. ಕೆಳಗಿನ ಹಾಳೆ ಪಾಚಿಗಟ್ಟಿದ ಜಾರುಗಲ್ಲಿನಂತೆ. ಈಜು ಬಲ್ಲ ಗಂಡಸೂ ಹತ್ತಿ ಬರಲಾರ. ಬಲೆ ಬಿದ್ದ ಹೊಂಡದಲ್ಲಿ ಯಾರಾದರೂ ಮುಳುಗಿದರೆ ಮೇಲಿನಿಂದ ಕಾಣುವುದೂ ಇಲ್ಲ. ಆದ್ದರಿಂದ ಚಪ್ಪರಕ್ಕೆ ಮುಂಚೆ ಸುತ್ತ ಬೇಲಿ, ಬೀಗ ಹಾಕುವ ಗೇಟು. ನಾಲ್ಕು ಕಡೆಯೂ ಕಂಬಕ್ಕೆ ಕಟ್ಟಿ ತಳದವರೆಗೆ ಇಳಿಬಿಟ್ಟ ಗಂಟುಹಾಕಿದ ಹಗ್ಗ, ಗಾಳಿ ತುಂಬಿದ ಹಳೆಯ ಟ್ಯೂಬು ಒಂದು. ಬೇಲಿಗೆ ಹಣ ಸಾಲದಿದ್ದರೆ ಈ ವರ್ಷ ಚಪ್ಪರ ಬಿಟ್ಟು ಬೇಲಿಯನ್ನೇ ಮಾಡಿಸಿ. ಆವಿಯಾದ ನೀರು ಮುಂದಿನ ಮಳೆಗೆ ಬಂದೀತು; ಹೋದ ಮಗು ಬರುವುದಿಲ್ಲ.