‘ಛೇತ್ರಿ ಎಲ್ಲದಾನ್ರಿ?’

ಕಡಲೆ ಕಿತ್ತಾದ ಮೇಲೆ ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಹೊಲಗಳು ಖಾಲಿ ಬೀಳುತ್ತವೆ. ಎರೆ ಮಣ್ಣು ಬೆರಳು ತೂರುವಷ್ಟು ಬಿರಿದಿರುತ್ತದೆ. ಅದರ ಮೇಲೆ ಚೆಂಡು ನೆಟ್ಟಗೆ ಉರುಳುವುದಿಲ್ಲ, ಹೆಂಟೆಗೆ ತಗುಲಿ ಎತ್ತಲೋ ಪುಟಿಯುತ್ತದೆ. 2025ರ ಫೆಬ್ರುವರಿಯ ಒಂದು ಸಂಜೆ ಅಂಥ ಹೊಲದಲ್ಲಿ ಹತ್ತು ಹನ್ನೆರಡು ಹುಡುಗರು ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಚಪ್ಪಲಿಗಳ ಎರಡು ಗುಡ್ಡೆಯೇ ಗೋಲು ಕಂಬ. ಪುಟಿದ ಚೆಂಡನ್ನು ಎದೆಯಲ್ಲಿ ತಡೆದು, ಕೆಳಗೆ ಬೀಳುವ ಮೊದಲೇ ಒದ್ದ ಹುಡುಗನೊಬ್ಬನ ಮೇಲೆ ನನ್ನ ಕಣ್ಣು ನಿಂತಿತು.

ಆಟ ಮುಗಿದ ಮೇಲೆ ಮೊಬೈಲಿನಲ್ಲಿ ಅವರಿಗೆ ಐ–ಲೀಗ್ ಪಂದ್ಯ ತೋರಿಸಿದೆ. ಎಸ್‌ಸಿ ಬೆಂಗಳೂರು ಆಡುತ್ತಿತ್ತು. ಆ ಹುಡುಗನೇ ಕೇಳಿದ: ‘ಇದು ನಮ್ಮ ಬೆಂಗಳೂರ ಟೀಮ್ ಹೌದಲ್ರಿ? ಮತ್ತ ಛೇತ್ರಿ ಎಲ್ಲದಾನ್ರಿ?’

ಫುಟ್‌ಬಾಲ್ ತಾರೆ ಸುನಿಲ್ ಛೇತ್ರಿಯ ಬೆಂಗಳೂರು ಎಫ್‌ಸಿ ಬೇರೆ, ಇದು ಬೇರೆ. ಛೇತ್ರಿಯ ತಂಡವೂ ಇದೇ ಐ–ಲೀಗ್‌ನಲ್ಲಿ ಕಣ್ಣು ತೆರೆದದ್ದು. ಹುಟ್ಟಿದ ಮೊದಲ ಋತುವಿನಲ್ಲೇ, 2013–14ರಲ್ಲಿ, ಚಾಂಪಿಯನ್ ಆಯಿತು, 2015–16ರಲ್ಲಿ ಮತ್ತೊಮ್ಮೆ. ಆಗ ದೇಶದ ಮೊದಲ ದರ್ಜೆಯ ಲೀಗ್ ಅದೇ. 2017ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಹೋಯಿತು. ಬರಬರುತ್ತ ಹಣ, ಪ್ರಚಾರ ಎಲ್ಲ ಅತ್ತ ಹರಿದು, 2022–23ರ ಹೊತ್ತಿಗೆ ಐ–ಲೀಗ್ ಎರಡನೇ ದರ್ಜೆಗೆ ಇಳಿಯಿತು.

ನನಗೆ ಮಾತ್ರ ಈ ಎರಡನೇ ದರ್ಜೆಯ ಮೇಲೇ ಹೆಚ್ಚು ಅಕ್ಕರೆ. ಇಲ್ಲಿ ಗೆದ್ದವರಿಗೆ ಮೇಲಿನ ಬಾಗಿಲು ತೆರೆಯಿತು: 2023ರಲ್ಲಿ ಪಂಜಾಬ್ ಎಫ್‌ಸಿ, ಮರುವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಹಾಗೆಯೇ ಐಎಸ್‌ಎಲ್ ಸೇರಿದವು. ಸೋತವರು ಕೆಳಗಿಳಿಯಲೇಬೇಕು. ಎಸ್‌ಸಿ ಬೆಂಗಳೂರಿಗೆ ಒಂದೇ ವರ್ಷದಲ್ಲಿ ಎರಡರ ಅನುಭವವೂ ಆಯಿತು. 2023–24ರಲ್ಲಿ ಕೆಳಗಿನ ದರ್ಜೆಯ ಐ–ಲೀಗ್ 2 ಗೆದ್ದು ಮೇಲೆ ಬಂದ ತಂಡ, ಹನ್ನೆರಡು ತಂಡಗಳ ನಡುವೆ 22 ಪಂದ್ಯ ಆಡಿ, 2025ರ ಏಪ್ರಿಲ್‌ನಲ್ಲಿ ಮತ್ತೆ ಕೆಳಗೆ ಬಿತ್ತು.

ಕರ್ನಾಟಕಕ್ಕೆ ಆಟ ಬರುವುದಿಲ್ಲವೆಂದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ನಮ್ಮ ರಾಜ್ಯ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತು. ಹಿಂದೆ ಎಚ್‌ಎಎಲ್, ಐಟಿಐ ಕಾರ್ಖಾನೆಗಳು ಆಟಗಾರನಿಗೆ ಚೆಂಡಿನ ಜೊತೆ ಸಂಬಳವನ್ನೂ ಕೊಟ್ಟವು. ಆದರೆ ಇವೆಲ್ಲ ಬೆಂಗಳೂರಿನ ಕಥೆ.

‘ಅಲ್ಲಿ ಆಡಬೇಕಂದ್ರ ಹೆಸರು ಎಲ್ಲಿ ಕೊಡಬೇಕ್ರಿ?’ ಎಂದು ಆ ಹುಡುಗ ಕೇಳಿದಾಗ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಐ–ಲೀಗ್ ಮೇಲಿನಿಂದ ಎರಡನೇ ಮೆಟ್ಟಿಲಾದರೆ, ಯರಗುಪ್ಪಿಯವನು ಕಾಲಿಡುವ ಮೊದಲ ಮೆಟ್ಟಿಲು ಈ ಹೊಲದ ಹತ್ತಿರದಲ್ಲೇ ಇರಬೇಕಲ್ಲವೇ? ಕಡಲೆ ಕಿತ್ತ ಮೇಲೆ ಮುಂಗಾರು ಬಿತ್ತುವ ತನಕ ಹೊಲಕ್ಕೂ ಬಿಡುವು, ಹುಡುಗರಿಗೂ ಬೇಸಿಗೆ ರಜೆ. ಆ ದಿನಗಳಲ್ಲಿ ಕುಂದಗೋಳ ತಾಲ್ಲೂಕಿನ ಹಳ್ಳಿಗಳ ನಡುವೆ ಒಂದು ಲೀಗ್ ನಡೆಸಲು ಬೇಕಾದ್ದು ನಾಲ್ಕು ಕಂಬ, ಎರಡು ಬಲೆ, ನಿಯಮ ಬಲ್ಲ ಒಬ್ಬ ರೆಫರಿ, ಮಕ್ಕಳು ಹೋಗಿಬರಲು ಬಸ್ ಖರ್ಚು. ಮತ್ತೆ, ಹುಬ್ಬಳ್ಳಿಯಿಂದ ಬಂದು ಬದುವಿನ ಮೇಲೆ ಕೂತು ನೋಡುವ ಒಬ್ಬ ಕೋಚ್.